ಸಂಜೆ ಹೊರಟು ಅದೇ ದಿನ ಬೆಳಿಗ್ಗೆ ತಲುಪುವ ಲೆಕ್ಕ

ಟಿಕೆಟ್‌ನಲ್ಲಿರುವ ಎರಡು ಸಮಯಗಳನ್ನು ಒಂದರಿಂದೊಂದು ಕಳೆದು ‘ಇಷ್ಟೇ ಪ್ರಯಾಣ’ ಎನ್ನುವವರನ್ನು ಬಹಳ ನೋಡಿದ್ದೇನೆ. ಪರಿಚಿತರೊಬ್ಬರು ಹೀಗೆಯೇ ಎಣಿಸಿ ಹೋಟೆಲ್ ಕೋಣೆಯನ್ನು ಮರುದಿನಕ್ಕೆ ಕಾದಿರಿಸಿ, ಸೂಟ್‌ಕೇಸ್ ಸಮೇತ ಲಾಬಿಯಲ್ಲಿ ಕೂತಿದ್ದರು. ಟೋಕಿಯೊ–ಲಾಸ್ ಏಂಜಲೀಸ್ ದಾರಿಯನ್ನೇ ತೆಗೆದುಕೊಳ್ಳೋಣ. ಎಡವಬಹುದಾದ ಕಲ್ಲುಗಳೆಲ್ಲ ಅಲ್ಲೇ ಇವೆ.

ಹಂತ 1: ದೂರ. ಗೋಡೆಯ ನಕಾಶೆಗೆ ಸ್ಕೇಲ್ ಇಡಬೇಡಿ. ಎರಡೂ ಊರುಗಳು ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ. ನಕಾಶೆಯ ನೇರ ಗೆರೆ ಹಿಡಿದರೆ ಸುಮಾರು 9,300 ಕಿ.ಮೀ. ಆಗುತ್ತದೆ. ಗ್ಲೋಬ್ ಮೇಲೆ ದಾರವನ್ನು ಬಿಗಿಯಾಗಿ ಎಳೆದು ನೋಡಿ, ಅದು ಉತ್ತರಕ್ಕೆ ಬಾಗಿ ಅಲ್ಯೂಷಿಯನ್ ದ್ವೀಪಗಳ ಕಡೆ ಸರಿಯುತ್ತದೆ. ಆ ದಾರಿ ಸುಮಾರು 8,800 ಕಿ.ಮೀ.

ಹಂತ 2: ಹಾರಾಟದ ಅವಧಿ. ಗಂಟೆಗೆ 900 ಕಿ.ಮೀ. ವೇಗ, ಏರಲು ಇಳಿಯಲು ಇನ್ನರ್ಧ ಗಂಟೆ. ಆಮೇಲೆ ಗಾಳಿ. ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಹೋಗುವಾಗ ಬೆನ್ನು ತಳ್ಳುತ್ತದೆ, ಬರುವಾಗ ಎದೆಗೆ ಬಡಿಯುತ್ತದೆ. ಅದಕ್ಕೇ ಟೋಕಿಯೊದಿಂದ ಸುಮಾರು 10 ಗಂಟೆ, ವಾಪಸಿಗೆ 12ರ ಹತ್ತಿರ. ಎರಡೂ ದಿಕ್ಕಿಗೆ ಒಂದೇ ಅವಧಿ ತೋರಿಸುವ ಆನ್‌ಲೈನ್ ಕ್ಯಾಲ್ಕುಲೇಟರ್‌ಗಳು ಗಾಳಿಯನ್ನೇ ಮರೆತಿರುತ್ತವೆ, ನಾನಂತೂ ನಂಬುವುದಿಲ್ಲ.

ಹಂತ 3: ಗಡಿಯಾರ. ಹೆಚ್ಚಿನವರು ಸೋಲುವುದು ಇಲ್ಲಿ. ಟಿಕೆಟ್‌ನ ಎರಡೂ ಸಮಯಗಳು ಆಯಾ ಊರಿನವು. ‘17 ಗಂಟೆ ವ್ಯತ್ಯಾಸ’ ಎಂದು ನೆನಪಿಟ್ಟುಕೊಂಡವರು ಕೂಡಬೇಕೋ ಕಳೆಯಬೇಕೋ ಎಂದು ತಡವರಿಸುತ್ತಾರೆ. ಆ ಸಂಖ್ಯೆಯನ್ನು ಮರೆತುಬಿಡಿ. ಎಲ್ಲವನ್ನೂ ಮೊದಲು ಯುಟಿಸಿಗೆ, ಅಂದರೆ ಜಾಗತಿಕ ಪ್ರಮಾಣ ಸಮಯಕ್ಕೆ ತನ್ನಿ. ಟೋಕಿಯೊ ಅದಕ್ಕಿಂತ 9 ಗಂಟೆ ಮುಂದೆ, ಲಾಸ್ ಏಂಜಲೀಸ್ ಚಳಿಗಾಲದಲ್ಲಿ 8 ಗಂಟೆ ಹಿಂದೆ.

ಟೋಕಿಯೊದಿಂದ ಸಂಜೆ 5ಕ್ಕೆ, ಅಂದರೆ 17:00ಕ್ಕೆ ಹೊರಟಿರಿ. 9 ಕಳೆದರೆ ಯುಟಿಸಿ 08:00. ಹಾರಾಟದ 10 ಕೂಡಿದರೆ 18:00. ಅದರಿಂದ 8 ಕಳೆಯಿರಿ: ಬೆಳಿಗ್ಗೆ 10. ತಾರೀಖು ಬದಲಾಗಿಲ್ಲ! ಹೊರಡುವುದಕ್ಕಿಂತ ಏಳು ಗಂಟೆ ಮೊದಲೇ ಇಳಿದಂತೆ. ದಿನಾಂಕ ರೇಖೆಯ ತಲೆನೋವನ್ನೂ ಯುಟಿಸಿಯೇ ನುಂಗಿತು.

ವಾಪಸಿಗೆ ಬೆಳಿಗ್ಗೆ 11ಕ್ಕೆ ಹೊರಟರೆ: 8 ಕೂಡಿ 19:00, ಮತ್ತೆ 12 ಕೂಡಿ ಮರುದಿನ 07:00, ಇನ್ನೂ 9 ಕೂಡಿ ಮರುದಿನ ಸಂಜೆ 4. ಟಿಕೆಟ್‌ನ ಮೂಲೆಯಲ್ಲಿ ಸಣ್ಣದಾಗಿ ಕಾಣುವ ‘+1’ ಇದೇ. ಕಣ್ಣು ತಪ್ಪಿಸಿದರೆ ಹೋಟೆಲ್ ಕಥೆ.

ಒಂದು ಎಚ್ಚರ: ಮಾರ್ಚ್‌ನಿಂದ ನವೆಂಬರ್‌ವರೆಗೆ ಲಾಸ್ ಏಂಜಲೀಸ್ ತನ್ನ ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸುತ್ತದೆ, ಜಪಾನಿನಲ್ಲಿ ಆ ಪದ್ಧತಿಯಿಲ್ಲ. ಆಗ 8ರ ಬದಲು 7 ಬಳಸಿ.

ಹಂತ 4: ನಡುವೆ ವಿಮಾನ ಬದಲಿಸುವುದಿದ್ದರೆ ಕಾಯುವ ಗಂಟೆಗಳನ್ನೂ ಕೂಡಿಸಿ, ಅಷ್ಟೇ. ಫೋನಿನ ಕ್ಯಾಲೆಂಡರ್‌ಗೆ ಹಾಕುವುದಾದರೆ ಸಮಯದ ಪಕ್ಕ ಊರಿನ ವಲಯವನ್ನೂ ಆರಿಸಿ. ಇಲ್ಲವಾದರೆ ಇಳಿದ ಕೂಡಲೇ ಅದು ವಾಪಸಿನ ಸಮಯವನ್ನೂ ತಾನೇ ಜರುಗಿಸಿಬಿಡಬಹುದು. ನಾನು ಚೀಟಿಯಲ್ಲಿ ಪೆನ್ನಿನಿಂದ ಬರೆದು ಪಾಸ್‌ಪೋರ್ಟ್ ಒಳಗಿಡುತ್ತೇನೆ.