ಗ್ಲೋಬು, ದಾರ, ಏರ್‌ಪೋರ್ಟ್ ಪಿಕಪ್ಪು

ಹಾಸನದಿಂದ ದೇವನಹಳ್ಳಿಗೆ ಗಾಡಿ ಓಡಿಸೋರಿಗೆಲ್ಲ ಈ ಸಂಕಟ ಗೊತ್ತು. ಫಾರಿನ್ನಿಂದ ಬರೋ ಪಾರ್ಟಿ ‘ಫ್ಲೈಟ್ ಲೇಟು, ಈಗ ಹೊರಟ್ವಿ’ ಅಂತ ಮೆಸೇಜ್ ಹಾಕಿ ಫೋನ್ ಆಫ್ ಮಾಡಿಬಿಡ್ತಾರೆ. ಇಲ್ಲಿಂದ ನಾಲ್ಕು ಗಂಟೆ ದಾರಿ. ಬೇಗ ಹೋದ್ರೆ ಪಾರ್ಕಿಂಗ್ ದುಡ್ಡು ನಮ್ದು, ತಡವಾದ್ರೆ ಬೈಗುಳ ನಮ್ದು. ವಿಮಾನ ಎಲ್ಲಿದೆ ಅಂತ ತೋರಿಸೋ ಆ್ಯಪ್ ನೋಡ್ಬೋದಲ್ಲ ಅಂತೀರಿ. ನೋಡ್ತೀನಿ. ಸಮುದ್ರದ ಮೇಲೆ, ಧ್ರುವದ ಕಡೆ ಸಿಗ್ನಲ್ ತಪ್ಪಿದಾಗ ಅದೂ ಅಂದಾಜೇ ಹೊಡೆಯೋದು.

ಅದಕ್ಕೇ ವಿಮಾನ ಎಷ್ಟೊತ್ತಿಗೆ ಇಳಿಯುತ್ತೆ ಅಂತ ದೂರ ಅಳೆದು ನಾನೇ ಲೆಕ್ಕ ಹಾಕೋಕೆ ಹೊರಟೆ. ಮೊದಲು ಗೋಡೆ ಮೇಲಿನ ಭೂಪಟಕ್ಕೆ ಸ್ಕೇಲ್ ಇಟ್ಟೆ. ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋ 22 ಸಾವಿರ ಕಿಲೋಮೀಟರ್ ಬಂತು! ‘ನಡಕೊಂಡು ಬರ್ತಾರೇನೋ ಅಣ್ಣ’ ಅಂತ ಟ್ಯಾಕ್ಸಿ ಸ್ಟ್ಯಾಂಡಲ್ಲಿ ನಕ್ಕಿದ್ದೇ ನಕ್ಕಿದ್ದು.

ಆಮೇಲೆ ಮಗಳ ಗ್ಲೋಬಿಗೆ ಕೈ ಹಾಕಿದೆ. ಅಡ್ಡಳತೆ 30 ಸೆಂಟಿಮೀಟರ್, ಸುತ್ತಳತೆ 94. ಭೂಮಿ ಸುತ್ತ 40 ಸಾವಿರ, ಹಂಗಾಗಿ ಒಂದು ಸೆಂಟಿಮೀಟರಿಗೆ 425 ಕಿಲೋಮೀಟರ್. ದಾರ ಬಿಗಿಯಾಗಿ ಎಳೆದ್ರೆ ಅದೇ ಹತ್ತಿರದ ದಾರಿ ಹಿಡಿಯುತ್ತೆ. ಅಮೆರಿಕದ ದಾರ ಸೀದಾ ಉತ್ತರ ಧ್ರುವದ ನಟ್ಟಿಗೇ ತಾಗ್ತಿತ್ತು. ನಟ್ಟು ಬಿಚ್ಚಿ, ಕಮಾನು ಕಳಚಿ ಎಳೆದೆ: 33 ಸೆಂಟಿಮೀಟರ್, ಅಂದ್ರೆ 14 ಸಾವಿರ. ಮತ್ತೆ ಜೋಡಿಸೋವಾಗ ನಟ್ಟಿನ ಥ್ರೆಡ್ ಸವೆದು ಹೋಯ್ತು, ಹೊಸ ಗ್ಲೋಬಿಗೆ ಆರುನೂರು ಚಿಲ್ಲರೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಧ್ರುವದ ಮೇಲಿಂದಲೇ ಬೆಂಗಳೂರಿಗೆ ಬಂದಿಳಿದರಲ್ಲ, ಪೇಪರಲ್ಲೂ ಸುಮಾರು 14 ಸಾವಿರ, 17 ಗಂಟೆ ಅಂತಲೇ ಇತ್ತು. ಸ್ಟ್ಯಾಂಡಲ್ಲಿ ಒಬ್ಬರ ಬಾಯಿ ಮುಚ್ಚಿತು. ಒಬ್ಬರದ್ದೇ.

ಹೂ ಕಟ್ಟೋ ದಾರ, ನೈಲಾನು, ಹೊಲಿಗೆ ದಾರ ಮೂರೂ ನೋಡಿದೀನಿ. ನೈಲಾನು ಹಿಗ್ಗುತ್ತೆ, ಬೇಡ.

ವಿಮಾನದ ವೇಗ ಗಂಟೆಗೆ ಸುಮಾರು 900 ಕಿಲೋಮೀಟರ್ ಅಂತ ಹಿಡಿದು ದೂರಾನ 900ರಿಂದ ಭಾಗಿಸಿ, ಏರೋದು ಇಳಿಯೋದಕ್ಕೆ ಮುಕ್ಕಾಲು ಗಂಟೆ ಸೇರಿಸ್ತೀನಿ. ಅಮೆರಿಕಕ್ಕೆ ಇದು ಸಾಲಲ್ಲ. ಮೇಲೆ ಪಶ್ಚಿಮದಿಂದ ಬೀಸೋ ಜೋರು ಗಾಳಿಗೆ ಯಾವ ತಿಂಗಳು ಎಷ್ಟು ಕೂಡಬೇಕು, ಕಳೀಬೇಕು ಅನ್ನೋದು ನನ್ನ ಡೈರಿಯಲ್ಲಿದೆ, ಅಲ್ಲೇ ಇರಲಿ.

ದೊಡ್ಡ ಪೆಟ್ಟು ತಿಂದಿದ್ದು ಗಡಿಯಾರದಲ್ಲಿ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬೇಸಿಗೆಗೆ ಗಡಿಯಾರ ಒಂದು ಗಂಟೆ ಮುಂದೆ ಇಡ್ತಾರೆ. ಏಪ್ರಿಲ್‌ನಲ್ಲಿ ಹನ್ನೆರಡೂವರೆ ಗಂಟೆ ವ್ಯತ್ಯಾಸ ಹಿಡಿಯೋ ಕಡೆ ಹದಿಮೂರೂವರೆ ಹಿಡಿದೆ. ವಯಸ್ಸಾದ ದಂಪತಿ ನಡುರಾತ್ರಿ ಟ್ರಾಲಿ ಹಿಡಕೊಂಡು ಒಂದು ಗಂಟೆ ನಿಂತಿದ್ರು. ಬಾಡಿಗೇಲಿ ಐನೂರು ಹಿಡಕೊಂಡ್ರು, ನಾನು ಮಾತಾಡಲಿಲ್ಲ.

ಹೋದ ಚಳಿಗಾಲದಲ್ಲಿ ಲಂಡನ್ ಪಾರ್ಟಿ. ಟಿಕೆಟ್ ಪ್ರಕಾರ ಬೆಳಿಗ್ಗೆ ಹತ್ತರೊಳಗೆ ಇಳೀಬೇಕು, ಹೊರಟಿದ್ದೇ ನಮ್ಮ ಮುಂಜಾನೆ ಮೂರಕ್ಕೆ. ದಾರ 19 ಸೆಂಟಿಮೀಟರ್, 8 ಸಾವಿರ ಚಿಲ್ಲರೆ, ಒಂಬತ್ತು ಮುಕ್ಕಾಲು ಗಂಟೆ. ಆರಕ್ಕೇ ಹೊರಡು ಅಂತ ಎಲ್ಲರೂ ಡ್ರೈವರ್ ಹುಡುಗನ ತಲೆ ತಿಂದ್ರು. ‘ಮಲಗೋ, ಒಂಬತ್ತಕ್ಕೆ ಹೊರಡು’ ಅಂದೆ. ವಿಮಾನ ಇಳಿದಿದ್ದು ಹನ್ನೆರಡೂ ಮುಕ್ಕಾಲಿಗೆ. ಹುಡುಗ ಕಾದಿದ್ದು ಇಪ್ಪತ್ತೇ ನಿಮಿಷ, ಒಂದು ಟೀ ಕುಡಿಯೋಷ್ಟು. ಇನ್ನೊಬ್ಬರ ಬಾಯಿ ಮುಚ್ಚಿತು.

ಪಾಕಿಸ್ತಾನದ ಆಕಾಶ ಮುಚ್ಚಿದಾಗ ನಮ್ಮ ದೇಶದ ವಿಮಾನಗಳಿಗೆ ಮಸ್ಕತ್ ಹತ್ರ ಒಂದು ಗುಂಡುಪಿನ್ನು ಚುಚ್ಚಿ, ದಾರಾನ ಅದರ ಹೊರಗಿಂದ ಎಳೀತೀನಿ.

ಹಾಸನ–ದೇವನಹಳ್ಳಿನೂ ಒಮ್ಮೆ ಅಳೆದೆ. ಅರ್ಧ ಸೆಂಟಿಮೀಟರೂ ಇಲ್ಲ. ನೆಲಮಂಗಲದ ಜಾಮು ಗ್ಲೋಬಲ್ಲಿ ಕಾಣಲ್ಲ.