ತಪಸ್ಸುಕಾಲದ ಕಪಿರೊತಾದಾ ಮಾಡುವ ವಿಧಾನ

ತಪಸ್ಸುಕಾಲ ಅಂದರೆ ಕ್ರೈಸ್ತರು ಈಸ್ಟರ್ ಹಬ್ಬಕ್ಕೆ ಮುಂಚೆ ಆಚರಿಸುವ ನಲವತ್ತು ದಿನಗಳ ವ್ರತದ ಕಾಲ. ಆಗಿನ ಅಡುಗೆ ಅಂದರೆ ಮಾಂಸ ಬಿಟ್ಟರೆ ಆಯ್ತು ಅಂದುಕೊಳ್ಳುವವರೇ ಜಾಸ್ತಿ. ಮೆಕ್ಸಿಕೋದ ಕಥೋಲಿಕರು ಈ ಕಾಲಕ್ಕೆಂದೇ ಮಾಡುವ ಕಪಿರೊತಾದಾ ನೋಡಿ, ಹಳೇ ಬ್ರೆಡ್ಡು, ಬೆಲ್ಲದ ಪಾಕ, ಚೀಸು ಸೇರಿಸಿ ಬೇಯಿಸುವ ಸಾದಾ ಸಿಹಿ, ಆದರೆ ಅದಕ್ಕೆ ಬೀಳುವ ಮುಖ್ಯ ಸಾಮಾನಿಗೆಲ್ಲ ಯೇಸುಸ್ವಾಮಿಯ ಪಾಡಿನ ನೆನಪು ಅಂಟಿಕೊಂಡಿದೆ.

ಮೊದಲು ಬ್ರೆಡ್ಡು. ಅಲ್ಲಿ ಬೊಲಿಯೊ ಅನ್ನುವ ಗಟ್ಟಿ ಸಿಪ್ಪೆಯ ಬ್ರೆಡ್ ಬಳಸುತ್ತಾರೆ. ಆರು ಸಾಕು. ಒಂದೆರಡು ದಿನ ಹಳೆಯದೇ ಇರಲಿ, ತಾಜಾ ಆದರೆ ಪಾಕ ಬಿದ್ದ ಕೂಡಲೇ ಮುದ್ದೆಯಾಗಿಬಿಡುತ್ತದೆ. ಬೆರಳು ದಪ್ಪಕ್ಕೆ ಕತ್ತರಿಸಿ, ಬೆಣ್ಣೆ ಸವರಿ, ಗರಿಗರಿಯಾಗಿ ಸುಟ್ಟುಕೊಳ್ಳಿ. ಇದು ಕ್ರಿಸ್ತನ ಶರೀರ.

ಪಾಕಕ್ಕೆ ಸುಮಾರು 350 ಗ್ರಾಂ ಪಿಲೊನ್ಸಿಯೊ, ಅಂದರೆ ಅಲ್ಲಿನ ಕಬ್ಬಿನ ಬೆಲ್ಲ, 1 ಲೀಟರ್ ನೀರು, ಎರಡು ಉದ್ದನೆಯ ಚಕ್ಕೆ, ಐದಾರು ಲವಂಗ. ಬೆಲ್ಲ ಕರಗಿ ಸ್ವಲ್ಪ ಅಂಟು ಬರುವವರೆಗೆ ಸಣ್ಣ ಉರಿಯಲ್ಲಿ ಕುದಿಸಿ. ಎಳೆ ಪಾಕ ಬೇಡವೇ ಬೇಡ, ಬ್ರೆಡ್ಡು ಹೀರಿಕೊಳ್ಳುವುದಿಲ್ಲ. ಕೆಂಪುಕಂದು ಪಾಕ ರಕ್ತ, ಚಕ್ಕೆ ಶಿಲುಬೆಯ ಮರ, ಲವಂಗ ಮೊಳೆ. ಒಂದು ಲವಂಗ ಅಂಗೈಲಿಟ್ಟು ನೋಡಿ, ದಪ್ಪ ತಲೆ, ಸಣ್ಣ ಕಾಲು, ಯಾರೂ ವಿವರಿಸಬೇಕಾಗಿಲ್ಲ. ಅದಕ್ಕೇ ಚಕ್ಕೆ ಲವಂಗದ ಪುಡಿ ಹಾಕಬೇಡಿ ಅನ್ನುತ್ತೇನೆ. ಪರಿಮಳವೇನೋ ಬರುತ್ತದೆ, ಆದರೆ ಮರ ಎಲ್ಲಿ, ಮೊಳೆ ಎಲ್ಲಿ? (ಕುದಿಸಿದ ಮೇಲೆ ಸೋಸಿಕೊಳ್ಳಿ, ಹಲ್ಲಿಗೆ ಸಿಕ್ಕರೆ ಕಷ್ಟ.)

ಬೆಣ್ಣೆ ಸವರಿದ ಪಾತ್ರೆಯಲ್ಲಿ ಒಂದು ಪದರ ಬ್ರೆಡ್ಡು, ಮೇಲೆ ಒಣದ್ರಾಕ್ಷಿ, ಹುರಿದ ಕಡಲೆಬೀಜ, ತುರಿದ ಚೀಸು, ಆಮೇಲೆ ಪಾಕ. ಹೀಗೇ ಎರಡು ಮೂರು ಪದರ ಮಾಡಿ. ಪಾಕವನ್ನು ಒಂದೇ ಸಲ ಸುರಿಯದೆ ಬ್ರೆಡ್ಡು ಹೀರುವವರೆಗೆ ಕಾದು ಮತ್ತೆ ಹಾಕಿ. ಕೊನೆಯ ಪದರಕ್ಕೆ ಚೀಸು ಧಾರಾಳವಾಗಿರಲಿ, ಕರಗಿ ಎಲ್ಲವನ್ನೂ ಮುಚ್ಚುವ ಆ ಬಿಳಿ ಹೊದಿಕೆ ಯೇಸುವಿನ ದೇಹಕ್ಕೆ ಸುತ್ತಿದ ಶವವಸ್ತ್ರ. ಪಾತ್ರೆ ಮುಚ್ಚಿ ಓವನ್‌ನಲ್ಲಿ 180 ಡಿಗ್ರಿ ಸೆಲ್ಸಿಯಸ್‌ಗೆ 25 ನಿಮಿಷ, ಮುಚ್ಚಳ ತೆಗೆದು ಇನ್ನೊಂದು 10 ನಿಮಿಷ ಬೇಯಿಸಿ. ಬಿಸಿಯಾದರೂ ಸರಿ, ಆರಿದ್ದಾದರೂ ಸರಿ.

ಬೆಣ್ಣೆ, ಚೀಸು ತಿನ್ನಬಹುದಾ? ಹಿಂದೆ ಹಾಲು ಮೊಟ್ಟೆಗೂ ನಿಷೇಧ ಇತ್ತು, ಈಗ ಶುಕ್ರವಾರಗಳಂದು ಬಿಡಬೇಕಾದ್ದು ಮಾಂಸ ಮಾತ್ರ. ಆದರೆ ತಪಸ್ಸುಕಾಲ ಶುರುವಾಗುವ ವಿಭೂತಿ ಬುಧವಾರ ಮತ್ತು ಯೇಸು ಶಿಲುಬೆಯಲ್ಲಿ ಸತ್ತದ್ದನ್ನು ನೆನೆಯುವ ಶುಭ ಶುಕ್ರವಾರ 18ರಿಂದ 59 ವಯಸ್ಸಿನವರಿಗೆ ಉಪವಾಸ: ಒಂದೇ ಪೂರ್ತಿ ಊಟ, ಉಳಿದಂತೆ ಎರಡು ಸಲ ಸ್ವಲ್ಪ ಸ್ವಲ್ಪ. ಆ ದಿನ ಕಪಿರೊತಾದಾ ಊಟದ ಜೊತೆಗೇ ಮುಗಿಸಿ, ಸಂಜೆ ಸುಮ್ನೆ ಬಾಯಾಡಿಸೋಕೆ ಅಲ್ಲ.