ಬೇಕ್‌ವೆಲ್ ಸುತ್ತಮುತ್ತ ನಾಯಿ ಜೊತೆ: ದಾರಿ ಮೊದಲು, ಪಬ್ ಆಮೇಲೆ

ಇಂಗ್ಲೆಂಡಿನ ಪೀಕ್ ಡಿಸ್ಟ್ರಿಕ್ಟ್‌ನ ಸಂತೆಯೂರು ಬೇಕ್‌ವೆಲ್‌ಗೆ ನಾಯಿ ಕರೆದುಕೊಂಡು ಹೊರಡುವವರು ಮೊದಲು ಪಬ್ ಹುಡುಕುತ್ತಾರೆ. ಪಬ್ ಸುಲಭ. ಈ ಕಡೆಯ ಬಹಳಷ್ಟು ಪಬ್‌ಗಳಲ್ಲಿ ಬಾರ್ ಭಾಗಕ್ಕೆ ನಾಯಿ ಬಿಡುತ್ತಾರೆ. ತಲೆ ಓಡಿಸಬೇಕಾದದ್ದು ದಾರಿಗೆ. ಸೋಮವಾರ ಸಂತೆ, ದನ-ಕುರಿ ಮಾರಾಟವೂ ಅವತ್ತೇ. ಕಾರು ನಿಲ್ಲಿಸಲು ಜಾಗ ಸಿಗುವುದು ಕಷ್ಟ. ನಾನು ಆ ದಿನ ಬಿಟ್ಟುಬಿಡುತ್ತೇನೆ.

ಹೊಸಬರಿಗೆ ಮಾನ್ಸಲ್ ಟ್ರೇಲ್ ಸರಿ. 1968ರಲ್ಲಿ ರೈಲು ನಿಂತುಹೋದ ಹಾದಿ, ಉದ್ದ 8.5 ಮೈಲಿ, ಸುರಂಗಗಳನ್ನು 2011ರಲ್ಲಿ ತೆರೆದರು. ನೆಲ ಸಮತಟ್ಟು, ಹತ್ತಿ ದಾಟುವ ಬೇಲಿಗಳಿಲ್ಲ, ಇರುವುದು ಸೈಕಲ್ ಕಾಟ ಒಂದೇ. ಎಳೆದಷ್ಟೂ ಬಿಚ್ಚಿಕೊಳ್ಳುವ ಲೀಶ್ ಇಲ್ಲಿ ಅಪಾಯ: ನೀವು ಒಂದು ಬದಿ, ನಾಯಿ ಇನ್ನೊಂದು ಬದಿ, ನಡುವಿನ ತೆಳು ದಾರ ಸೈಕಲಿನವರಿಗೆ ಕಾಣುವುದೇ ಇಲ್ಲ. ಒಂದೂವರೆ ಮೀಟರಿನ ಮಾಮೂಲಿ ಲೀಶ್ ಸಾಕು. ಹೆಡ್‌ಸ್ಟೋನ್ ಸುರಂಗ ಹೆಚ್ಚುಕಡಿಮೆ ಅರ್ಧ ಕಿಲೋಮೀಟರ್. ಹಗಲಲ್ಲಿ ದೀಪ ಇರುತ್ತದೆ, ಕತ್ತಲಾದ ಮೇಲೆ ಇಲ್ಲ. ಒಳಗಿನ ಪ್ರತಿಧ್ವನಿಗೆ ಹೆದರಿ ನಾಯಿ ಬಾಗಿಲಲ್ಲೇ ಕಾಲೂರಿ ನಿಂತರೆ ಎಳೆಯಬೇಡಿ, ಸೈಕಲ್‌ಗಳು ಹೋಗಲಿ, ಆಮೇಲೆ ಗೋಡೆ ಬದಿಗೆ ನಡೆಸಿ.

ಸುರಂಗ ದಾಟಿದರೆ 1863ರ ಹೆಡ್‌ಸ್ಟೋನ್ ಸೇತುವೆ. ಅಲ್ಲಿಂದ ಗುಡ್ಡದ ಮೇಲಿನ ಮಾನ್ಸಲ್ ಹೆಡ್‌ಗೆ ಕಡಿದಾದ ಕಾಲುದಾರಿ. ಮಳೆ ಬಿದ್ದರೆ ಸುಣ್ಣಕಲ್ಲು ಸೋಪಿನಂತೆ ಜಾರುತ್ತದೆ. ಇಳಿಯುವಾಗ ನಾಯಿ ಎಳೆದರೆ ಬೀಳುವುದು ನಾವು. ಅದಕ್ಕೇ ಈ ಸುತ್ತನ್ನು ಹತ್ತುವ ದಿಕ್ಕಿನಲ್ಲೇ ಮಾಡುತ್ತೇನೆ. ಮೇಲೆ ಸ್ಟೇಬಲ್ಸ್ ಬಾರ್ ಇದೆ, ಹಿಂದೆ ಕುದುರೆ ಲಾಯವಾಗಿತ್ತು. ಇನ್ನೂ ಸ್ವಲ್ಪ ನಡೆದರೆ ಲಿಟಲ್ ಲಾಂಗ್‌ಸ್ಟೋನ್ ಹಳ್ಳಿಯ ಪಬ್ ಪ್ಯಾಕ್‌ಹಾರ್ಸ್ ಇನ್. ನನ್ನ ಓಟು ಅದಕ್ಕೆ.

ಅಲ್ಲಿಂದ ಟ್ರೇಲ್‌ಗೆ ಮರಳುವ ಹೊಲದ ದಾರಿಯಲ್ಲಿ ಕುರಿಗಳಿರುತ್ತವೆ. ಕುರಿ ಇರುವ ಹೊಲದಲ್ಲಿ ನಾಯಿಯನ್ನು ಹತೋಟಿಯಿಲ್ಲದೆ ಬಿಡುವುದೇ ಜಾನುವಾರುಗಳನ್ನು ನಾಯಿಗಳಿಂದ ಕಾಪಾಡುವ 1953ರ ಕಾಯ್ದೆ ಪ್ರಕಾರ ಅಪರಾಧ, ಅಟ್ಟಿಸಿಕೊಂಡೇ ಹೋಗಬೇಕೆಂದಿಲ್ಲ. ಎಲ್ಲರಿಗೂ ತೆರೆದ ಗುಡ್ಡಗಾಡಿನಲ್ಲಾದರೆ ಮಾರ್ಚ್ 1ರಿಂದ ಜುಲೈ 31ರವರೆಗೆ ಲೀಶ್ 2 ಮೀಟರ್ ಮೀರುವಂತಿಲ್ಲ; ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳ ಕಾಲ ಅದು. ಹಸುಗಳದ್ದು ಬೇರೆಯೇ ಲೆಕ್ಕ. ಕರು ಜೊತೆಗಿದ್ದರೆ ಬಳಸಿ ಹೋಗಿ. ಮೈಮೇಲೆ ಬಂದರೆ ಲೀಶ್ ಕೈಬಿಡಿ: ಹಸುವಿನ ಸಿಟ್ಟು ನಾಯಿ ಮೇಲೆ, ನಾಯಿ ಓಡಿ ತಪ್ಪಿಸಿಕೊಳ್ಳುತ್ತದೆ, ನಿಮಗೆ ಆಗುವುದಿಲ್ಲ.

ಇಲ್ಲಿನ ಕಲ್ಲುಗೋಡೆಗಳಲ್ಲಿ ಒಬ್ಬರು ಮೈ ಓರೆ ಮಾಡಿ ನುಸುಳುವಷ್ಟು ಸೀಳು ಬಿಟ್ಟಿರುತ್ತಾರೆ. ಕೆಲವಕ್ಕೆ ಸ್ಪ್ರಿಂಗ್ ಹಾಕಿದ ಪುಟ್ಟ ಗೇಟು. ಕೈಬಿಟ್ಟ ಕೂಡಲೇ ರಪ್ಪನೆ ಮುಚ್ಚಿ ಬಾಲಕ್ಕೆ ಪೆಟ್ಟಾಗುತ್ತದೆ. ಗೇಟನ್ನು ಮೊಣಕಾಲಿನಿಂದ ತಡೆದು ನಾಯಿಯನ್ನು ಮೊದಲು ದಾಟಿಸಬೇಕು. ಮೆಟ್ಟಿಲು ಹತ್ತಿ ದಾಟುವ ಗೋಡೆಗಳೂ ಇವೆ. 30 ಕೆಜಿ ಲ್ಯಾಬ್ರಡಾರ್ ಎತ್ತಲು ಹಿಡಿಕೆಯಿರುವ ಹಾರ್ನೆಸ್ ಇಲ್ಲದಿದ್ದರೆ ನಡು ಹೋಯಿತು.

ಬೇಕ್‌ವೆಲ್ ಹತ್ತಿರದ ಓವರ್ ಹ್ಯಾಡನ್ ಹಳ್ಳಿಯಿಂದ ಇಳಿದರೆ ಲ್ಯಾತ್‌ಕಿಲ್ ಕಣಿವೆ. ಬೇಸಿಗೆಯಲ್ಲಿ ಮೇಲ್ಭಾಗದ ಹೊಳೆ ಒಣಗಿಬಿಡುತ್ತದೆ, ಕುಡಿಯುವ ನೀರು ಕನಿಷ್ಠ ಒಂದು ಲೀಟರ್ ಒಯ್ಯಿರಿ. ನೀರಿದ್ದ ಕಡೆಯೂ ನಾಯಿ ಇಳಿಸಬೇಡಿ, ಅದು ಟ್ರೌಟ್ ಮೀನಿನ ಜಾಗ. ಕುತ್ತಿಗೆಗೆ ಹಚ್ಚುವ ಚಿಗಟದ ಔಷಧಿಯಲ್ಲಿ ಫಿಪ್ರೊನಿಲ್, ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕಗಳಿದ್ದರೆ ಅದು ನೀರಿಗೆ ಸೇರಿ ಹುಳಗಳನ್ನು ಕೊಲ್ಲುತ್ತದೆ, ಮೀನಿಗೆ ಊಟವೇ ಇರುವುದಿಲ್ಲ.

ಪಬ್‌ನಲ್ಲಿ ಒಂದು ಹಳೆ ಟವೆಲ್ ಮೇಜಿನ ಕೆಳಗೆ ಹಾಸಿದರೆ ಒದ್ದೆ ನಾಯಿ ಅಲ್ಲೇ ಮಲಗುತ್ತದೆ. ಲೀಶ್ ಮೇಜಿನ ಕಾಲಿಗೆ ಕಟ್ಟಬೇಡಿ, ಇನ್ನೊಂದು ನಾಯಿ ಬಂದರೆ ಮೇಜೇ ಹೊರಡುತ್ತದೆ. ಭಾನುವಾರದ ಊಟಕ್ಕೆ ಫೋನ್ ಮಾಡಿ ಜಾಗ ಹಿಡಿಯುವಾಗ ನಾಯಿ ಇದೆ ಎಂದು ಹೇಳಿ. ಮಧ್ಯಾಹ್ನ ಅಡುಗೆಮನೆ ಎಷ್ಟಕ್ಕೆ ಮುಚ್ಚುತ್ತದೆ ಅಂತಲೂ ಕೇಳಿ. ಈರುಳ್ಳಿ ಗ್ರೇವಿ, ಒಣದ್ರಾಕ್ಷಿ ಹಾಕಿದ ಕೇಕು, ಬೇಯಿಸಿದ ಮೂಳೆ ನಾಯಿಗೆ ಕೊಡಲೇಬೇಡಿ. ಕಾರು ಹತ್ತುವ ಮೊದಲು ಕಿವಿ, ಕಂಕುಳು, ಬೆರಳ ಸಂದಿಯಲ್ಲಿ ರಕ್ತ ಹೀರುವ ಉಣ್ಣೆ ಹುಳ ಕಚ್ಚಿದೆಯೇ ನೋಡಿ. ಕಂಡರೆ ಎಣ್ಣೆ ಹಚ್ಚುವುದು, ಉಗುರಲ್ಲಿ ಹಿಂಡುವುದು ಬೇಡ. ಕೊಕ್ಕೆಯಾಕಾರದ ಪುಟ್ಟ ಸಾಧನ ಸಿಗುತ್ತದೆ, ಅದನ್ನು ಚರ್ಮಕ್ಕೆ ತಾಗಿಸಿ ನಿಧಾನ ತಿರುಗಿಸಿದರೆ ತಲೆ ಸಮೇತ ಬರುತ್ತದೆ.